ಬಾಡಿಗೆಗೆ ಕೊಡುವ ಮುನ್ನ

ಪ್ರಶ್ನೆ: ಹಲವು ವರ್ಷ ನಾವೇ ವಾಸವಿದ್ದ ಮನೆಯನ್ನು ಬಾಡಿಗೆಗೆ ಕೊಡಬೇಕೆಂದಿದ್ದೇವೆ. ಸುಣ್ಣ ಬಣ್ಣ ಮಾಡಿಸಿದರೆ ಸಾಕೇ?

ಉತ್ತರ: ಬಣ್ಣ ಕೊನೆಯ ಕೆಲಸ. ಗೋಡೆಯಲ್ಲಿ ತೇವವಿದ್ದರೆ, ಅದಕ್ಕೆ ಕಾರಣವಾದ ಕೊಳವೆಯ ಸೋರಿಕೆಯನ್ನೋ ಚಾವಣಿಯ ಬಿರುಕನ್ನೋ ಮೊದಲು ಸರಿಪಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆಯೇ ಬಣ್ಣ ಹಚ್ಚಿಸಬೇಕು. ಇಲ್ಲವಾದರೆ ಹೊಸ ಬಣ್ಣವೂ ಉಬ್ಬಿ ಎದ್ದುಬರುತ್ತದೆ. ಅದಕ್ಕಿಂತಲೂ ಮುಖ್ಯವಾದುದು ವಿದ್ಯುತ್ ಸುರಕ್ಷತೆ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ವೈರಿಂಗ್ ಮತ್ತು ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಸೋರಿದರೂ ತಾನಾಗಿಯೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ ತಪ್ಪದೆ ಹಾಕಿಸಿ. ಬೇರೊಬ್ಬರ ಮಕ್ಕಳು ಓಡಾಡಲಿರುವ ಮನೆಯಲ್ಲಿ ಈ ಖರ್ಚನ್ನು ಉಳಿಸಲು ನೋಡುವುದು ಖಂಡಿತ ಸರಿಯಲ್ಲ. ಹಳೆಯ ಬೀಗಗಳನ್ನೂ ಬದಲಿಸಿ. ಕೀಲಿಕೈ ಒಪ್ಪಿಸುವ ದಿನ ಪ್ರತಿ ಕೋಣೆಯ ಛಾಯಾಚಿತ್ರ ತೆಗೆದಿಟ್ಟು, ಮೀಟರ್ ರೀಡಿಂಗ್ ಹಾಗೂ ಮನೆಯಲ್ಲಿ ಬಿಟ್ಟಿರುವ ಸಾಮಾನುಗಳ ಪಟ್ಟಿಗೆ ಇಬ್ಬರೂ ಸಹಿ ಹಾಕಿಕೊಳ್ಳಿ.