ಅಪವರ್ತನ ಸಿಗದಿದ್ದರೂ ಸಂಖ್ಯೆ ಸಂಯುಕ್ತವೆಂದು ಸಾಧಿಸಬಹುದು

ಪ್ರಶ್ನೆ: 2ರ 67ನೇ ಘಾತದಿಂದ 1 ಕಳೆದರೆ ಬರುವ 147573952589676412927 ಅವಿಭಾಜ್ಯವಲ್ಲವೆಂದು ಫ್ರೆಂಚ್ ಗಣಿತಜ್ಞ ಲ್ಯೂಕಾಸ್ 1876ರಲ್ಲೇ ಸಾಧಿಸಿದರೆಂದೂ ಅಪವರ್ತನಗಳು ಸಿಕ್ಕಿದ್ದು 1903ರಲ್ಲೆಂದೂ ಓದಿದೆ. ಭಾಗಿಸುವ ಸಂಖ್ಯೆಯನ್ನೇ ತೋರಿಸದೆ ಹಾಗೆನ್ನುವುದು ಊಹೆಯಲ್ಲವೇ? ನನ್ನ ಮೊಬೈಲಿನಲ್ಲಿ 7ರಿಂದ ಭಾಗಿಸಿದರೆ ದಶಮಾಂಶವಿಲ್ಲದ ಉತ್ತರವೇ ಬರುತ್ತದೆ.
– ಓದುಗರು, ವಿರಾಜಪೇಟೆ

ಉತ್ತರ: ಊಹೆಯಲ್ಲ, ಸಂಪೂರ್ಣ ಸಾಧನೆ. ಈ ಪ್ರಶ್ನೆ ರೂಪ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ. ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕುವ ಮುನ್ನ ನೀರಿನ ತೊಟ್ಟಿಗೆ ಸುರಿದಾಗ ತೇಲಿದ್ದು ಜೊಳ್ಳೆಂದು ತಿಳಿಯಲು ನಮ್ಮ ತೋಟಗಳಲ್ಲಿ ಯಾರೂ ಒಂದೊಂದನ್ನೂ ಬಿಡಿಸಿ ನೋಡುವುದಿಲ್ಲ. ಅವಿಭಾಜ್ಯ ಸಂಖ್ಯೆಗಳಿಗೆ ಇರಲೇಬೇಕಾದ ಗುಣವೊಂದು ಇಲ್ಲವೆಂದು ತೋರಿಸಿದರೆ, ಅಪವರ್ತನಗಳು ಯಾವುವೆಂದು ತಿಳಿಯದಿದ್ದರೂ ಸಂಖ್ಯೆ ಸಂಯುಕ್ತವೆಂಬುದು ನಿಶ್ಚಿತ.

ಲ್ಯೂಕಾಸ್ ರೂಪಿಸಿ ಮುಂದೆ ಲೇಮರ್ ಸರಳಗೊಳಿಸಿದ ಪರೀಕ್ಷೆಯನ್ನು ನೀವೇ ಕಾಗದದ ಮೇಲೆ ಮಾಡಿ. 4ರಿಂದ ಆರಂಭಿಸಿ, ಅದರ ವರ್ಗದಿಂದ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಂಡು, 2ರ ಘಾತಸೂಚಿಗಿಂತ (ನಿಮ್ಮ ಸಂಖ್ಯೆಯಲ್ಲಿ ಅದು 67) 2 ಕಡಿಮೆ ಸಲ ಇದನ್ನೇ ಮುಂದುವರಿಸಬೇಕು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. ಘಾತಸೂಚಿ 5 ಆದಾಗ, 1 ಕಳೆದು ಬರುವ ಸಂಖ್ಯೆ 31. ಶೇಷಗಳು 14, 8, 0. ಘಾತಸೂಚಿ 11 ಆದಾಗ ಸಂಖ್ಯೆ 2047. 9ನೇ ಹೆಜ್ಜೆಯಲ್ಲಿ ಉಳಿಯುವುದು 1736. ಅಲ್ಲಿಗೆ 2047ರ ತೀರ್ಪು ಮುಗಿಯಿತು, ಅದು 23 × 89 ಎಂಬುದು ಲೆಕ್ಕದಲ್ಲಿ ಎಲ್ಲಿಯೂ ಬೇಕಾಗಲಿಲ್ಲ. ನಿಮ್ಮ ಸಂಖ್ಯೆಗೆ ಬೇಕಾಗುವುದು 65 ಹೆಜ್ಜೆ ಮಾತ್ರ. ಅಪವರ್ತನ ಹುಡುಕುವುದು ಇದಕ್ಕಿಂತ ಬಹಳ ಕಠಿಣವಾದ ಬೇರೆಯೇ ಕೆಲಸ. 193707721 × 761838257287 ಎಂದು ಅಮೆರಿಕದ ಗಣಿತಜ್ಞ ಕೋಲ್ ತೋರಿಸಿಕೊಟ್ಟಿದ್ದು 27 ವರ್ಷಗಳ ನಂತರ.

ಇನ್ನು ನಿಮ್ಮ 7. ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಯಾವುದೇ ಅವಿಭಾಜ್ಯವು 134ರ (67ರ ಎರಡರಷ್ಟು) ಅಪವರ್ತ್ಯಕ್ಕಿಂತ 1 ಹೆಚ್ಚಿರಲೇಬೇಕು, ಆದ್ದರಿಂದ 7ಕ್ಕೆ ಇಲ್ಲಿ ಪ್ರವೇಶವೇ ಇಲ್ಲ; ಭಾಗಿಸಿದರೆ 1 ಶೇಷ ಉಳಿಯುತ್ತದೆ. 21 ಅಂಕಿಗಳನ್ನು ಪೂರ್ತಿ ಹಿಡಿದಿಡಲಾರದ ಕ್ಯಾಲ್ಕ್ಯುಲೇಟರ್ ಕೊನೆಯ ಅಂಕಿಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದಶಮಾಂಶವೂ ಅವುಗಳೊಂದಿಗೇ ಹೋಗುತ್ತದೆ. ಪರದೆಯ ಮೇಲೆ ಕಂಡಿದ್ದನ್ನು ದಯವಿಟ್ಟು ಸಾಧನೆಯೆಂದು ನನಗೆ ಬರೆದು ಕಳುಹಿಸಬೇಡಿ.

ಪ್ರಶ್ನೆ: ಹೊಸ ಜೀಪಿನ ನಂಬರಿನ ಅಂಕಿಗಳನ್ನು ಕೂಡಿದರೆ 8 ಬರುತ್ತದೆ, ಬದಲಿಸಿಕೊಳ್ಳಿ ಎನ್ನುತ್ತಾರೆ.
– ಓದುಗರು, ಗೋಣಿಕೊಪ್ಪಲು

ಉತ್ತರ: 9ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಬಿಟ್ಟರೆ ಆ ಮೊತ್ತ ಏನನ್ನೂ ಹೇಳುವುದಿಲ್ಲ, ಹೇಳುತ್ತದೆಂದು ಹಣ ಕೇಳುವವರು ನಿಮ್ಮನ್ನು ವಂಚಿಸುತ್ತಿದ್ದಾರೆ.

ಪ್ರಶ್ನೆ: 1 ಅವಿಭಾಜ್ಯವೇ?
– ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಅಲ್ಲ.

ಪ್ರಶ್ನೆ: ಫರ್ಮಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂಖ್ಯೆಯನ್ನು ಅವಿಭಾಜ್ಯವೆಂದು ನಂಬಬಹುದೇ?
– ಉಪನ್ಯಾಸಕರು, ಮಡಿಕೇರಿ

ಉತ್ತರ: ನಂಬಬಾರದು. ಆಧಾರಸಂಖ್ಯೆಯೊಂದನ್ನು, ಪರೀಕ್ಷಿಸುವ ಸಂಖ್ಯೆಗಿಂತ 1 ಕಡಿಮೆ ಘಾತಕ್ಕೆ ಏರಿಸಿ ಆ ಸಂಖ್ಯೆಯಿಂದ ಭಾಗಿಸಿದಾಗ 1 ಶೇಷ ಉಳಿದರೆ ತೇರ್ಗಡೆ, ಇದೇ ಫರ್ಮಾ ಪರೀಕ್ಷೆ. ರಾಮಾನುಜನ್ ಹೆಸರಿನೊಂದಿಗೆ ಎಲ್ಲರೂ ನೆನೆಯುವ 1729 ವಾಸ್ತವದಲ್ಲಿ 7 × 13 × 19. ಆದರೂ ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗದ ಯಾವ ಆಧಾರಸಂಖ್ಯೆಯನ್ನು ತೆಗೆದುಕೊಂಡರೂ 1729 ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಖಚಿತ ಉತ್ತರ ಬೇಕಿದ್ದರೆ ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್ ಮತ್ತು ಸಕ್ಸೇನಾ 2002ರಲ್ಲಿ ಪ್ರಕಟಿಸಿದ ವಿಧಾನವನ್ನು ಓದಿ.