ಅರವತ್ತಕ್ಕೆ ಅರಳು ಮರಳೇ?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು, 64 ವರ್ಷದ ನಿವೃತ್ತ ಶಿಕ್ಷಕಿ, ಬರೆದಿದ್ದಾರೆ: “ಮಂಡಿನೋವು, ಬಿ.ಪಿ. ಎರಡೂ ಇವೆ. ಮಗ ಫೋನ್ ಮಾಡಿದಾಗಲೆಲ್ಲ ‘ಪಾಸಿಟಿವ್ ಆಗಿರಮ್ಮ, ಎಲ್ಲ ಸರಿಹೋಗುತ್ತೆ’ ಅಂತಾನೆ. ಹಾರ್ಮೋನಿಯಂ ಕಲೀತೀನಿ ಅಂದರೆ ನಮ್ಮನೆಯವರು ‘ಅರವತ್ತಕ್ಕೆ ಅರಳು ಮರಳು’ ಅಂತ ನಗ್ತಾರೆ. ಖುಷಿಯಾಗಿದ್ದರೆ ನಿಜವಾಗಿ ಆಯಸ್ಸು ಜಾಸ್ತಿ ಆಗುತ್ತಾ? ನೋವು ಹೋಗದಿದ್ದರೆ ನನ್ನ ಮನಸ್ಸಿನದೇ ತಪ್ಪಾ?”

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಖಂಡಿತ ನಿಮ್ಮ ತಪ್ಪಲ್ಲ. ಬ್ರಿಟನ್ನಿನ 7 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಖುಷಿಯಿಲ್ಲ ಅಂದವರಲ್ಲಿ ಸಾವು ಹೆಚ್ಚಿತ್ತು, ನಿಜ. ಆದರೆ ಅವರಿಗೆ ಮೊದಲೇ ಇದ್ದ ಕಾಯಿಲೆ, ಸಿಗರೇಟಿನ ಅಭ್ಯಾಸ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ವ್ಯತ್ಯಾಸ ಕಾಣಲೇ ಇಲ್ಲ. ಕಾಯಿಲೆಯಿಂದ ಖುಷಿ ಕಡಿಮೆಯಾಗಿತ್ತು. ಹಾಗಾಗಿ ನೋವಾದಾಗ ನೋವು ಅನ್ನಿ. ಮಗನ ಸಮಾಧಾನಕ್ಕೆ ಸುಮ್ನೆ ನಗಬೇಕಾಗಿಲ್ಲ.

ಆದರೆ ನಿಮ್ಮ ಯಜಮಾನರು ಹೇಳುವ ಗಾದೆ ಇದೆಯಲ್ಲ, ನನಗೆ ಚಿಂತೆ ಆಗಿದ್ದು ಅದರ ಬಗ್ಗೆ.

ಅಮೆರಿಕದ ಒಹಾಯೋ ರಾಜ್ಯದಲ್ಲಿ ಆಕ್ಸ್‌ಫರ್ಡ್ ಅಂತ ಒಂದು ಸಣ್ಣ ಊರು. 1975ರಲ್ಲಿ ಅಲ್ಲಿ ಐವತ್ತು ದಾಟಿದವರನ್ನು ಕೂರಿಸಿ, ವಯಸ್ಸಾಗುತ್ತಾ ಎಲ್ಲ ಕೆಡುತ್ತಾ ಹೋಗುತ್ತದೆ ಅನಿಸುತ್ತದಾ, ಹೋದ ವರ್ಷದಷ್ಟೇ ಹುರುಪು ಈಗಲೂ ಇದೆಯಾ, ಇಂಥ ಪ್ರಶ್ನೆ ಕೇಳಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಜೊತೆಗಾರರು ಅವರಲ್ಲಿ 660 ಜನರ ಉತ್ತರಗಳನ್ನೂ ಅವರು ಎಷ್ಟು ವರ್ಷ ಬದುಕಿದರು ಎಂಬುದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. 2002ರಲ್ಲಿ ಇದು ಪ್ರಕಟವಾಯಿತು. ಆರೋಗ್ಯ, ಅನುಕೂಲ, ಒಂಟಿತನ ಇವನ್ನೆಲ್ಲ ಲೆಕ್ಕ ಹಾಕಿದರೂ ಅಂತರ ಅಳಿಸಿಹೋಗಲಿಲ್ಲ. ಗಮನಿಸಿ, ಅವರನ್ನು ಕೇಳಿದ್ದು ಖುಷಿಯಾಗಿದ್ದೀರಾ ಅಂತಲ್ಲ, ಮುಪ್ಪನ್ನು ಏನಂದುಕೊಂಡಿದ್ದೀರಿ ಅಂತ.

ಅನಿಸಿಕೆ ಮೈಗೆ ಹೇಗೆ ಇಳಿಯುತ್ತದೆ? ಸದಾ ಕಳವಳದಲ್ಲಿದ್ದರೆ ಒತ್ತಡದ ಹಾರ್ಮೋನು ಏರಿ ಬಿ.ಪಿ., ನಿದ್ದೆ ಎರಡೂ ಕೆಡುತ್ತವೆ. ಅದು ಒಂದು ದಾರಿ. ಇನ್ನೊಂದು ದಾರಿ ನಮ್ಮ ಮನೆಗಳಲ್ಲೇ ಕಾಣುತ್ತದೆ. ಲೆವಿಯವರು ಅದೇ ಊರಿನವರ ಬಗ್ಗೆ ಆಮೇಲೆ ಮಾಡಿದ ಅಧ್ಯಯನದಲ್ಲಿ, ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರೇ ಊಟ, ವ್ಯಾಯಾಮ, ಡಾಕ್ಟರು ಬರೆದುಕೊಟ್ಟ ಮಾತ್ರೆ ಇವನ್ನು ಹೆಚ್ಚು ಸರಿಯಾಗಿ ನೋಡಿಕೊಳ್ಳುತ್ತಿದ್ದರು.

ಅದನ್ನು ಓದಿದಾಗ ನನ್ನ ಅಮ್ಮನ ನೆನಪಾಯಿತು. ಎರಡು ವರ್ಷ ಅಮ್ಮ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲನ್ನು ಬೆರಳಲ್ಲಿ ತಡವಿ ತಡವಿ ಆರಿಸುತ್ತಿದ್ದಳು. ಕಣ್ಣು ತೋರಿಸೋಣ ಬಾ ಅಂದರೆ, “ವಯಸ್ಸಾಯ್ತಲ್ಲ, ಇನ್ನೇನು” ಅಂತ ಒಂದೇ ಮಾತು. ನಾವೂ ಒಪ್ಪಿಕೊಂಡುಬಿಟ್ಟಿದ್ದೆವು. ಇದ್ದದ್ದು ಪೊರೆ. ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವಳೇ ಅಡುಗೆಮನೆ ಬಾಗಿಲಲ್ಲಿ ನಿಂತು, “ಅಯ್ಯೋ, ಒಗ್ಗರಣೆ ಡಬ್ಬಿ ಇಷ್ಟು ಜಿಡ್ಡಾಗಿದೆಯಾ!” ಅಂದಳು. ಆ ಎರಡು ವರ್ಷ ಅವಳಿಂದ ಕಿತ್ತುಕೊಂಡದ್ದು ಪೊರೆಗಿಂತ ಹೆಚ್ಚಾಗಿ ಆ ಮಾತು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಮಂಡಿಯನ್ನು ಡಾಕ್ಟರಿಗೆ ತೋರಿಸಿದ್ದೀರಾ? ಪತ್ರದಲ್ಲಿ ಆ ವಿಷಯವೇ ಇಲ್ಲ. ವಯಸ್ಸಿನದ್ದು ಅಂತ ಬಿಟ್ಟಿದ್ದರೆ ದಯವಿಟ್ಟು ಈ ವಾರವೇ ಹೋಗಿ ಬನ್ನಿ. ತೊಡೆಯ ಸ್ನಾಯು ಗಟ್ಟಿಯಾಗಲು ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮಗಳಿವೆ, ನಿಮಗೆ ಯಾವುದು ಸರಿ ಅಂತ ಅವರೇ ಹೇಳಿಕೊಡುತ್ತಾರೆ. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ಹಾರ್ಮೋನಿಯಂ ಖಂಡಿತ ಕಲಿಯಿರಿ. ನೆಲದ ಮೇಲೆ ಕೂರಲೇಬೇಕು ಅಂತಿಲ್ಲ. ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತು ನುಡಿಸಬಹುದು, ಮಂಡಿ ಮಡಿಸುವ ಕಷ್ಟ ಇಲ್ಲ. ತಿದಿ ಒತ್ತಲು ಎಡಗೈ, ಸ್ವರಕ್ಕೆ ಬಲಗೈ. ಯಜಮಾನರನ್ನೂ ಎದುರಿಗೆ ಕೂರಿಸಿಕೊಳ್ಳಿ, ಅವರು ತಾಳ ಹಾಕಲಿ. ಮೊದಲ ಹಾಡು ಯಾವುದಾಯಿತು ಅಂತ ನಮಗೊಂದು ಪತ್ರ ಬರೆಯಿರಿ.