ಎದೆ ಕಲ್ಲಿನಂತಾಗಿದೆ, ಏನು ಮಾಡಲಿ?

ಪ್ರಶ್ನೆ: ಹೆರಿಗೆಯಾಗಿ ನಾಲ್ಕು ದಿನ. ಮಗು ಉಳಿಯಲಿಲ್ಲ. ಆದರೂ ಹಾಲು ತುಂಬಿ ಎದೆ ಕಲ್ಲಿನಂತಾಗಿದೆ. ಬಟ್ಟೆಯಿಂದ ಬಿಗಿದು ಕಟ್ಟದಿದ್ದರೆ ಜ್ವರ ಬರುತ್ತದೆ ಎನ್ನುತ್ತಾರೆ. ಕಟ್ಟಲೇ?

ಉತ್ತರ: ಬೇಡಮ್ಮ, ಕಟ್ಟಬೇಡಿ. ಹಾಗೆ ಬಿಗಿದ ಬಟ್ಟೆ ಬಿಚ್ಚಿದಾಗ ಅಂಚು ಒತ್ತಿದಲ್ಲೆಲ್ಲ ಚರ್ಮ ಕೆಂಪಾಗಿ, ಕೆಳಗೆ ಹಾಲು ಗಂಟುಕಟ್ಟಿದ್ದನ್ನು ನನ್ನ ಬೆರಳಿಂದಲೇ ಮುಟ್ಟಿ ನೋಡಿದ್ದೇನೆ. ಜ್ವರಕ್ಕೆ ದಾರಿಯಾಗುವುದೇ ಆ ಗಂಟು.

ಮಾಸು ಬಿದ್ದ ಮೇಲೆ ಹಾಲು ಇಳಿದೇ ಇಳಿಯುತ್ತದೆ. ಮಗುವಿಲ್ಲವೆಂದು ದೇಹಕ್ಕೆ ತಿಳಿಯದು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಒತ್ತದೆ ಆಧಾರ ಕೊಡುವ ಬ್ರಾ ಹಾಕಿಕೊಳ್ಳಿ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಆಗಾಗ ಎದೆಯ ಮೇಲಿಡಿ. ತೀರಾ ಬಿಗಿದಾಗ ಕೈಯಿಂದ ಸ್ವಲ್ಪ ಹಿಂಡಿ, ಹಗುರವೆನಿಸಿದ ಕೂಡಲೇ ನಿಲ್ಲಿಸಿ. ಪೂರ್ತಿ ತೆಗೆದರೆ ಮತ್ತೆ ಅಷ್ಟೇ ತುಂಬುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಆದೀತು. ನೀರು ಕುಡಿಯುವುದನ್ನು ಬಿಡಬೇಡಿ, ಬಿಟ್ಟರೆ ಹಾಲು ನಿಲ್ಲುವುದಿಲ್ಲ. ಹಾಲು ನಿಲ್ಲಿಸುವ ಕ್ಯಾಬರ್ಗೋಲಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ, ರಕ್ತದೊತ್ತಡ ಹೆಚ್ಚಿದ್ದರಂತೂ ಬೇಡವೇ ಬೇಡ.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಚಳಿ ನಡುಕ ಬಂದರೆ, ಎದೆಯ ಒಂದು ಭಾಗ ಕೆಂಪಗೆ ಬಿಸಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಹಾಲಿನ ಜ್ವರವೆಂದು ಮನೆಯಲ್ಲೇ ಕೂರಬೇಡಿ. ಹೊಟ್ಟೆನೋವಿದ್ದು ಸ್ರಾವ ವಾಸನೆ ಬರುತ್ತಿದ್ದರೆ ಅದು ಗರ್ಭಕೋಶದ ಸೋಂಕಿರಬಹುದು.